ಮಂಚದ ಮೇಲಿನ ಸೋಪು

ತಲೆಯ ಕಡೆ ಎತ್ತಿ ಇಳಿಸುವ ಆಸ್ಪತ್ರೆ ಮಂಚ ಹೊಸದು ಬೇಕೆಂದರೆ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನ ಎರಡು ತಿಂಗಳ ಸಂಬಳ ಅದಕ್ಕೇ ಸರಿ. ಹಳೆಯದಾದರೆ ಒಂದು ತಿಂಗಳದು. ಬಾಡಿಗೆಗೆ ತಂದರೆ ತಿಂಗಳಿಗೆ ನಾಲ್ಕು ದಿನದ ದುಡಿಮೆ. ಅದರ ಮೇಲೆ ಠೇವಣಿ, ಠೇವಣಿಯ ಮೇಲೆ ಸಾಗಣೆ, ಮನೆಗೆ ಮೆಟ್ಟಿಲಿದ್ದರೆ ಹೊತ್ತವರಿಗೆ ಬೇರೆ. ವಾಕರ್ ಅಗ್ಗ, ಗಟ್ಟಿಮುಟ್ಟಾದ ಒಂದು ಜೊತೆ ಚಪ್ಪಲಿಯ ಬೆಲೆ. ಕಮೋಡ್ ಕುರ್ಚಿ ಅದರ ಎರಡರಷ್ಟು. ಇವುಗಳಲ್ಲಿ ಯಾವುದು ಎಷ್ಟು ದಿನ ಬೇಕಾಗುತ್ತದೆ ಎಂದು ತರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಬೇಡವಾದ ದಿನ ಮಾತ್ರ ಮನೆಯಲ್ಲಿ ಇವಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿರುವುದಿಲ್ಲ.

ಈ ಲೆಕ್ಕ ಅಜ್ಜನಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಬಸ್ ಡಿಪೋದಲ್ಲಿ ವೆಲ್ಡರ್ ಆಗಿದ್ದಾಗ, ಹಾಸಿಗೆ ಹಿಡಿದ ತಾಯಿಗಾಗಿ ಗುಜರಿ ಕಬ್ಬಿಣದಲ್ಲಿ ತಾನೇ ಒಂದು ಮಂಚ ಮಾಡಿದ್ದ. ತಲೆಯ ಕಡೆ ಎತ್ತಲು ಏನಾದರೂ ತಿರುಗಿಸಬೇಕಲ್ಲ; ಅದಕ್ಕೆ ಮೂಲೆಗೆ ಬಿದ್ದ ಬಸ್ಸೊಂದರಲ್ಲಿ ಡ್ರೈವರ್ ಪಕ್ಕದ ಕಿಟಕಿಯ ಗಾಜು ಇಳಿಸುವ ಹಿಡಿಕೆಯನ್ನು ಬಿಚ್ಚಿ ತಂದು ವೆಲ್ಡ್ ಮಾಡಿದ್ದ. ಬಸ್ಸಿಗೆ ಹೊಡೆದು ಉಳಿದ ಕೆಂಪು ಬಣ್ಣವನ್ನೇ ಮಂಚಕ್ಕೂ ಹೊಡೆದ. ತಾಯಿ ತೀರಿಕೊಂಡ ಮೇಲೆ ಮಂಚ ಪಕ್ಕದ ಬೀದಿಯಲ್ಲಿ ಲಕ್ವ ಹೊಡೆದವರ ಮನೆಗೆ ಹೋಯಿತು. ಅಲ್ಲಿಂದ ವಾಪಸ್ ಬರುವಾಗ ಜೊತೆಗೆ ಒಂದು ಗಾಲಿಕುರ್ಚಿಯೂ ಬಂತು. "ನಮ್ಮಲ್ಲಿ ಇನ್ಯಾರು ಕೂರ್ತಾರೆ, ನೀವೇ ಇಟ್ಕೊಳ್ಳಿ" ಅಂದರು. ಹೀಗೆ ಸಾವಾದ ಮನೆಗಳಿಂದ ಒಂದೊಂದೇ ಸಾಮಾನು ಬಂದು, ಮಂಚವೇ ನಾಲ್ಕಾಗಿ, ಮುಂದಿನ ಕೋಣೆ ತುಂಬಿತು. ಬೇಕಾದವರು ಬಂದು ಒಯ್ಯುತ್ತಿದ್ದರು. ದುಡ್ಡಿಲ್ಲ, ಠೇವಣಿಯಿಲ್ಲ, ಚೀಟಿಯಿಲ್ಲ. ಯಾವಾಗ ತಂದುಕೊಡುತ್ತೀರಿ ಎಂದು ಕೇಳುವುದೂ ಇಲ್ಲ.

ಆ ಮಾತನ್ನು ಕೇಳಬಾರದು ಎಂಬುದು ಅಜ್ಜನ ಕಟ್ಟಪ್ಪಣೆ. "ಮಂಚ ಯಾವಾಗ ಖಾಲಿ ಆಗುತ್ತೆ ಅಂತ ಕೇಳೋದೂ ಒಂದೇ, ನಿಮ್ಮಪ್ಪ ಯಾವಾಗ ಸಾಯ್ತಾರೆ ಅಂತ ಕೇಳೋದೂ ಒಂದೇ. ಬಾಯಲ್ಲಿ ಬರಬಾರದ ಮಾತು ಅದು" ಎನ್ನುತ್ತಿದ್ದ.

ಕೇಳದೆಯೇ ಸಾಮಾನು ಬರುತ್ತಿತ್ತು ಕೂಡ. ತೊಳೆದು, ಒರೆಸಿ, ಮೇಲೊಂದು ಹೊಸ ಸೋಪು ಇಟ್ಟು ತರುವುದು ರೂಢಿ. ಮುಂದೆ ಒಯ್ಯುವವರಿಗೆ ತೊಳೆಯಲು ಆಗಲಿ ಎಂದು ಯಾರೋ ಮೊದಲು ಇಟ್ಟರು. ಆಮೇಲೆ ಎಲ್ಲರೂ ಇಟ್ಟರು. ಅಜ್ಜಿ ವರ್ಷಗಟ್ಟಲೆ ಅಂಗಡಿಯಿಂದ ಸೋಪು ಕೊಂಡವಳೇ ಅಲ್ಲ. "ಊರವರ ಸಾವಲ್ಲಿ ನಮ್ಮನೆ ಬಟ್ಟೆ ಬೆಳ್ಳಗಾಗ್ತಿದೆ" ಎಂದು ನಗುತ್ತಿದ್ದಳು. ಭಾನುವಾರ ಬೇಕರಿಯವನೂ ಇನ್ನಿಬ್ಬರೂ ಬಂದು ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದರು, ಸ್ಕ್ರೂ ಬಿಗಿಯುತ್ತಿದ್ದರು, ಅಜ್ಜಿಯ ಚಹಾ ಕುಡಿದು ಹೋಗುತ್ತಿದ್ದರು.

ಈಚೆಗೆ ಮನೆಯಲ್ಲಿ ಸೋಪು ಕೊಳ್ಳುವುದು ಶುರುವಾಗಿತ್ತು.

ಮನೆಯಲ್ಲಿ ಐದು ಜನ. ಅಜ್ಜ, ಅಜ್ಜಿ, ನೀರಿನ ಮೀಟರ್ ಓದುವ ಮಗ, ಬಟ್ಟೆ ಹೊಲಿಯುವ ಸೊಸೆ, ಮತ್ತೆ ಚೂಟಿ ಎಂದು ಎಲ್ಲರೂ ಕರೆಯುವ ಮೊಮ್ಮಗಳು. ಸೊಸೆಯದು ಶಾಲೆಯ ಯೂನಿಫಾರಂ ಹೊಲಿಯುವುದು, ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ ಹಾಕುವುದು, ಇಂಥ ಕೆಲಸ. ಮುಂದಿನ ಕೋಣೆ ಅಜ್ಜನ ಸಾಮಾನಿಗೇ ಮೀಸಲಾದ್ದರಿಂದ ಮೆಷಿನ್ ಅಡುಗೆಮನೆಯಲ್ಲಿ, ಒಲೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವೆ ಇತ್ತು. ಗಿರಾಕಿಗಳು ಹಿಂಬಾಗಿಲಿಂದ ಬಂದು, ಒಗ್ಗರಣೆ ಘಾಟಿಗೆ ಸೀನುತ್ತ ಅಳತೆ ಕೊಡಬೇಕು.

"ಅನ್ನದಲ್ಲಿ ದಾರ" ಎಂದ ಮಗ ಒಂದು ದಿನ ಊಟಕ್ಕೆ ಕೂತು, ತಟ್ಟೆಯಿಂದ ಎಳೆಯೊಂದನ್ನು ಎತ್ತುತ್ತ.

"ನೀಲಿ ತಾನೇ? ಯೂನಿಫಾರಂದು. ತಿನ್ನಿ, ವಿದ್ಯೆ ಬರುತ್ತೆ" ಎಂದಳು ಸೊಸೆ.

"ಮೆಷಿನ್ನು ಮುಂದಿನ ಕೋಣೆಗೆ ಹಾಕ್ಕೊಳ್ಳೇ" ಎಂದಳು ಅಜ್ಜಿ.

"ಎಲ್ಲಿ ಹಾಕ್ಕೊಳ್ಳಲಿ ಅತ್ತೆ? ಕಮೋಡ್ ಮೇಲಾ?"

ಅಜ್ಜ ಬೇಳೆ ಬಡಿಸಿಕೊಳ್ಳುತ್ತ, "ಮಂಚ ವಾಪಸ್ ಬಂದ್ರೆ ಇಡೋಕೆ ಜಾಗ ಬೇಕಲ್ಲಮ್ಮ" ಎಂದ.

"ಯಾವ ಮಂಚ ಮಾವ? ನಾಲ್ಕೂ ಹೋಗಿ ವರ್ಷದ ಮೇಲಾಯ್ತು. ಒಂದೂ ಬಂದಿಲ್ಲ."

"ಹಂಗಾದ್ರೆ ಕಾಯಿಲೆಯವರು ಇನ್ನೂ ಇದಾರೆ ಅಂತಾಯ್ತು. ಒಳ್ಳೇದೇ."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಾನಲ್ಲ ಹೇಳಿದ್ದು, ಹಿಂದಿನೋರು."

ಮಾತು ಬೆಳೆಯುವ ಮುಂಚೆ ಚೂಟಿ ತನ್ನ ಗೋಳು ತೆಗೆದಳು. ಈ ವರ್ಷದಿಂದ ಅವಳ ಶಾಲೆಯಲ್ಲಿ ಪ್ರತಿಯೊಬ್ಬರೂ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಿ ಸರ್ಟಿಫಿಕೇಟ್ ತರಬೇಕಂತೆ.

"ಮನೇಲೇ ಅಜ್ಜನ ಜೊತೆ ವಾಕರ್ ತೊಳೀತೀನಲ್ಲ, ಅದನ್ನೇ ಬರ್ಕೊಳ್ಳಿ ಮಿಸ್ ಅಂದೆ. ನಿಮ್ಮಜ್ಜನ ಸಂಸ್ಥೆಯ ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿದ್ರು."

"ನೀನೇನಂದೆ?" ಎಂದಳು ಅಜ್ಜಿ.

"ಅಜ್ಜಂಗೆ ನಂಬರ್ ಇಲ್ಲ ಮಿಸ್, ಬರೀ ಅಜ್ಜ ಅಂದೆ. ಕ್ಲಾಸೆಲ್ಲ ನಕ್ಕಿತು."

"ಈಗೆಲ್ಲ ಹಂಗೇನೇ" ಎಂದ ಮಗ. "ನಮ್ಮಾಫೀಸಲ್ಲೂ ಸಹಾಯನಿಧಿ ಅಂತ ತಿಂಗಳಿಗಿಷ್ಟು ಸಂಬಳದಲ್ಲಿ ಹಿಡ್ಕೋತಾರೆ. ತಿಂಗಳ ಕೊನೆಗೆ ಫೋನಿಗೆ ಒಂದು ಮಗುವಿನ ಫೋಟೋ ಬರುತ್ತೆ, ಥ್ಯಾಂಕ್ಸ್ ಅಂತ."

"ಯಾವ ಮಗು?"

"ತಿಂಗಳಿಗೊಂದು ಬೇರೆ ಮಗು."

ಅಜ್ಜಿ ಮಜ್ಜಿಗೆ ಬಡಿಸುತ್ತ, "ಹೋದ ತಿಂಗಳ ಮಗು ಈಗ ಉಂಡಿದೆಯೋ ಇಲ್ಲವೋ ಹೆಂಗೆ ಗೊತ್ತಾಗ್ಬೇಕು?" ಎಂದಳು. ಊಟ ಮುಗಿಯಿತು.

ಮುಂದಿನ ವಾರ ಅಜ್ಜಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಚ್ಚಲಮನೆಯ ಹೊಸ್ತಿಲು ದಾಟುವಾಗ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಮಗನನ್ನೂ ಸೊಸೆಯನ್ನೂ ನಿಲ್ಲಿಸಿಕೊಂಡು ಹೇಳಿದರು: "ತಲೆ ಕಡೆ ಎತ್ತೋ ಮಂಚ ಇರಲೇಬೇಕು. ಅಂಗಾತ ಮಲಗೇ ಇದ್ರೆ ಎದೇಲಿ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಈ ವಯಸ್ಸಿನಲ್ಲಿ ಮೂಳೆ ಮುರಿದು ಸಾಯೋರು ಕಡಿಮೆ, ಹಾಸಿಗೇಲಿ ಸಾಯೋರೇ ಜಾಸ್ತಿ."

ಪಕ್ಕದಲ್ಲಿದ್ದ ನರ್ಸಮ್ಮ ನಕ್ಕಳು. "ಇವರು ಮಂಚದ ಮನೆಯೋರು ಡಾಕ್ಟ್ರೇ. ಇವರಿಗೇನು ಚಿಂತೆ."

ಮಂಚದ ಮನೆಯ ಮುಂದಿನ ಕೋಣೆಯಲ್ಲಿ ಆವತ್ತು ಎರಡು ವಾಕರ್, ಬಕೆಟ್ ಇಲ್ಲದ ಒಂದು ಕಮೋಡ್ ಕುರ್ಚಿ, ಜೋಡಿ ಕಳೆದುಕೊಂಡ ಒಂದು ಊರುಗೋಲು ಇದ್ದವು. ಮಂಚ ಇರಲಿಲ್ಲ.

ಅಜ್ಜ ಬಾಗಿಲಲ್ಲಿ ನಿಂತು ನೋಡಿದ. ಸೊಸೆಯೂ ಹಿಂದೆ ನಿಂತು ನೋಡಿದಳು. ಒಳಗೆ ಹೋಗಿ ಇದ್ದಬದ್ದ ದಿಂಬುಗಳನ್ನೆಲ್ಲ ಒಟ್ಟುಮಾಡಿದಳು.

"ಯಾರ್ಯಾರ ಮನೇಲಿದೆ ಅಪ್ಪಾ?" ಎಂದ ಮಗ.

"ಒಂದು ಗಡಿಯಾರ ರಿಪೇರಿಯವರಿಗೆ ಕೊಟ್ಟೆ. ನಾನು ಮಾಡಿದ್ದು, ಕೆಂಪು ಮಂಚ. ಇನ್ನೊಂದು ಸೇತುವೆ ಹತ್ರ, ಹಸಿರು ಬಾಗಿಲ ಮನೆಗೆ. ಒಂದು ಟ್ಯಾಂಕರ್ ಓಡಿಸ್ತಾನಲ್ಲ, ಅವನ ಅತ್ತೆಗೆ. ನಾಲ್ಕನೇದು ಒಬ್ಬಳು ಹೆಂಗಸು ಅಳ್ತಾ ಬಂದಿದ್ಲು."

"ಹೆಸರು?"

"ಅಳ್ತಿದ್ಲು ಕಣೋ. ಹೆಸರು ಹೆಂಗೆ ಕೇಳ್ತಾರೆ?"

ಮಗನಿಗೆ ಹೇಗೂ ಮನೆಮನೆ ಸುತ್ತುವ ಕೆಲಸ. ಒಂದು ಕೈಯಲ್ಲಿ ಮೀಟರ್ ಓದುವ ಯಂತ್ರ, ಬಾಯಲ್ಲಿ ಮಂಚದ ವಿಚಾರ. ಮೊದಲ ದಿನವೇ ಒಬ್ಬ ಮುದುಕಿ, "ನೀರಿನ ಬಿಲ್ಲಿಗೂ ಮಂಚಕ್ಕೂ ಏನಪ್ಪಾ ಸಂಬಂಧ? ಹೊಸ ತೆರಿಗೆನಾ?" ಎಂದು ಗಾಬರಿಯಾದಳು. ಹಸಿರು ಬಾಗಿಲಿಗೆ ಈಗ ಕಂದು ಬಣ್ಣ ಬಂದಿತ್ತು, ಒಳಗೆ ಬೇರೆ ಬಾಡಿಗೆಯವರು. ಟ್ಯಾಂಕರ್ ಓಡಿಸುವವನು ಬಾಗಿಲಲ್ಲೇ ಕೈ ಹಿಡಿದು ಕೂರಿಸಿ ನೀರು ಕೊಟ್ಟ.

"ಅತ್ತೆ ಹೋದ್ಮೇಲೆ ಯಾವುದೋ ಸಂಸ್ಥೆಯವರು ವ್ಯಾನ್ ತಗೊಂಡು ಬಂದಿದ್ರು. ಎಲ್ಲಾ ಒಂದೇ ಥರ ಟೀ ಶರ್ಟು. ಹಳೇ ಸಾಮಾನು ಕೊಡಿ, ಬಡವರಿಗೆ ಮುಟ್ಟಿಸ್ತೀವಿ ಅಂದ್ರು. ಕೊಟ್ವಿ. ಒಳ್ಳೇ ಕೆಲಸಕ್ಕೇ ಕೊಟ್ಟಿದೀವಿ, ಬೇಜಾರು ಮಾಡ್ಕೋಬೇಡಿ. ಫೋಟೋ ಇದೆ, ನೋಡ್ತೀರಾ?"

ಫೋಟೋದಲ್ಲಿ ಟ್ಯಾಂಕರಿನವನೂ ಅವನ ಹೆಂಡತಿಯೂ ಮಂಚದ ಎರಡು ಕಡೆ ನಿಂತು ಹೆಬ್ಬೆರಳು ಎತ್ತಿದ್ದರು. ಯಾವ ಸಂಸ್ಥೆ ಎಂದು ಇಬ್ಬರಿಗೂ ನೆನಪಿರಲಿಲ್ಲ.

ಗಡಿಯಾರ ರಿಪೇರಿಯವನು ತೀರಿಕೊಂಡಿದ್ದ. ಅವನ ಮಗ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿಕೊಂಡಿದ್ದ.

"ಕೆಂಪು ಮಂಚವಾ? ಮಾರಿದ್ವಲ್ಲ" ಎಂದ, ಸಹಜವಾಗಿ. "ಅಪ್ಪನ ಸಾಮಾನೆಲ್ಲ ಫೋಟೋ ತೆಗೆದು ಫೋನಲ್ಲಿ ಹಾಕಿದ್ವಿ. ಅವತ್ತೇ ಬಂದು ತಗೊಂಡು ಹೋದ್ರು."

"ಅದು ನಮ್ಮದು. ಬಳಸೋಕೆ ಕೊಟ್ಟಿದ್ದು."

"ಹಂಗಂತ ಯಾರು ಹೇಳಿದ್ರು? ನಿಮ್ಮಪ್ಪ ಕೊಟ್ರು, ಸುಮ್ಮನಾದ್ರು. ಒಂದಿನ ಬಂದು ಕೇಳಲಿಲ್ಲ, ಫೋನ್ ಮಾಡಲಿಲ್ಲ. ನಾವು ದಾನ ಅಂದ್ಕೊಂಡ್ವಿ."

"ನಾವು ಕೇಳಲ್ಲ."

"ಕೇಳಬೇಕಿತ್ತು" ಎಂದ ಅವನು. ಸಿಟ್ಟಿನಿಂದಲ್ಲ, ತಿಳಿಹೇಳುವ ಹಾಗೆ. ಆಮೇಲೆ, "ಮೀಟರ್ ನೋಡ್ಕೊಂಡ್ರಾ? ಹಿಂದುಗಡೆ ಇದೆ" ಎಂದ. ಮಗ ಹಿಂದೆ ಹೋಗಿ ಮೀಟರ್ ಓದಿಕೊಂಡು ಬಂದ.

ದಾರಿಯಲ್ಲಿ ಬೇಕರಿಯವನು ಕೂಗಿ ಕರೆದು ಅಮ್ಮನ ಆರೋಗ್ಯ ವಿಚಾರಿಸಿದ. ಮಂಚದ ಕಥೆ ಕೇಳಿ ಗಲ್ಲದ ಮೇಲಿನ ಹಿಟ್ಟು ಒರೆಸಿಕೊಂಡ.

"ನಾನ್ಯಾಕೆ ಭಾನುವಾರ ಬರೋದು ಬಿಟ್ಟೆ ಗೊತ್ತಾ? ಒಬ್ಬ ಗಿರಾಕಿ ಕೇಳಿದ, ಅಲ್ಲಿಗೆ ಹೋಗ್ತೀರಲ್ಲ, ನಿಮಗೆಷ್ಟು ಸಿಗುತ್ತೆ ಅಂತ. ಏನೂ ಇಲ್ಲಪ್ಪ ಅಂದೆ. ನಂಬಲಿಲ್ಲ. ಇನ್ನೊಬ್ಬನೂ ಅದನ್ನೇ ಕೇಳಿದ. ಮೂರನೆಯವನು ಕೇಳಿದಾಗ ನಂಗೇ ಅನುಮಾನ ಬಂತು ನೋಡು, ನಾನ್ಯಾಕೆ ಹೋಗ್ತಿದೀನಿ ಅಂತ."

"ಆಮೇಲೆ?"

"ಆಮೇಲೇನು. ಭಾನುವಾರ ಮಲಗ್ತೀನಿ" ಎಂದು ಎರಡು ಬ್ರೆಡ್ ಕಟ್ಟಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಅಜ್ಜಿಯನ್ನು ಮಾಮೂಲಿ ಮಂಚದ ಮೇಲೆ ಮಲಗಿಸಿದ್ದರು. ಅಜ್ಜ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ. ಅಜ್ಜಿ ಮೆಲ್ಲಗೆ ಜಾರಿ ಕಾಲ ಕಡೆಗೆ ಬಂದುಬಿಡುತ್ತಿದ್ದಳು. "ಬಸ್ ಇಳಿಜಾರಲ್ಲಿ ನಿಂತಿದೆ ಕಣ್ರೀ, ಗಾಲಿಗೆ ಕಲ್ಲು ಕೊಡಿ" ಎನ್ನುತ್ತಿದ್ದಳು. ಅಜ್ಜ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಿದ್ದ. ಎಳೆದಾಗಲೆಲ್ಲ ಅವಳ ಮುಖ ಬಿಳುಚುತ್ತಿತ್ತು, ಆದರೆ ಕೂಗುತ್ತಿರಲಿಲ್ಲ. ಗಂಜಿ ಕುಡಿಸಿದರೆ ಅರ್ಧ ಕುತ್ತಿಗೆಗೆ. ಕೆಮ್ಮು ಶುರುವಾಯಿತು.

ಒಂದು ಬೆಳಗ್ಗೆ ಮೈ ಒರೆಸುವಾಗ ಸೊಸೆಗೆ ಬೆನ್ನಿನ ಕೆಳಗೆ ನಾಣ್ಯದಷ್ಟಗಲ ಕೆಂಪು ಕಂಡಿತು. ಬೆರಳಿಟ್ಟು ಒತ್ತಿದಳು. ಕೆಂಪು ಹೋಗಲಿಲ್ಲ. ಬಟ್ಟೆ ಹಿಂಡಿ ಹರವಿ ಹೊರಗೆ ಬಂದು ಗಂಡನಿಗೆ ಹೇಳಿದಳು: "ಯೂನಿಫಾರಂಗೆ ಮುಂಗಡ ಬಂದಿದೆಯಲ್ಲ, ಅದರಲ್ಲಿ ಬಾಡಿಗೆ ಮಂಚ ತರೋಣ."

"ಅಪ್ಪನ್ನ ಒಂದು ಮಾತು..."

"ಮಾವನ್ನ ಕೇಳ್ತಾ ಕೂತ್ರೆ ಅತ್ತೆ ಬೆನ್ನು ಕೇಳಲ್ಲ ರೀ."

ಬಾಡಿಗೆ ಅಂಗಡಿಯವನು ಆ ಸಂಜೆಯೇ ಬಂದ. ಅಚ್ಚುಕಟ್ಟಾದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿನ ಅಗಲ ಅಳೆದು, ಮಂಚ ಒಳಕೋಣೆಗೆ ಹೋಗುವುದಿಲ್ಲ, ಮುಂದಿನ ಕೋಣೆಯಲ್ಲೇ ಹಾಕಬೇಕು ಎಂದ. ಆಮೇಲೆ ಫೋನ್ ತೆಗೆದು ಕೇಳಿದ:

"ಎಷ್ಟು ತಿಂಗಳಿಗೆ?"

ಅಜ್ಜ ಅಜ್ಜಿಗಾಗಿ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದ. ಚಾಕು ನಿಂತಿತು.

"ಯಜಮಾನ್ರೇ, ಎಷ್ಟು ತಿಂಗಳಿಗೆ ಅಂತ ಬರ್ಕೊಳ್ಳಲಿ? ಮೂರಕ್ಕೆ ಒಂದು ರೇಟು, ಆರಕ್ಕೆ ಒಂದು ರೇಟು. ಆರಾದ್ರೆ ನಿಮಗೇ ಉಳಿತಾಯ."

ಅಜ್ಜ ಬ್ರೆಡ್ ನೋಡುತ್ತ ಕೂತ. ಮಗ ಅಜ್ಜನನ್ನು ನೋಡಿದ.

"ಮೂರು" ಎಂದಳು ಸೊಸೆ.

"ಸರಿ. ಮಧ್ಯದಲ್ಲಿ ಏನಾದ್ರೂ ಆಗಿ ಬೇಗ ವಾಪಸ್ ಕೊಟ್ರೆ ಉಳಿದ ದುಡ್ಡು ಬರಲ್ಲ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮನಸ್ತಾಪ ಬೇಡ."

ಒಳಗಿನಿಂದ ಅಜ್ಜಿಯ ದನಿ ಬಂತು. "ಕೇಳಿಸ್ತು ಕಣಪ್ಪಾ. ಮಧ್ಯದಲ್ಲಿ ಏನೂ ಆಗದ ಹಾಗೆ ನೋಡ್ಕೋತೀನಿ. ಕೊಟ್ಟ ದುಡ್ಡು ಬಿಡೋಕಾಗುತ್ತಾ?"

ಅಂಗಡಿಯವನು ನಕ್ಕ. ಬೇರೆ ಯಾರೂ ನಗಲಿಲ್ಲ.

ಮರುದಿನ ಮಂಚ ಬಂತು. ಬೂದು ಬಣ್ಣ, ಹೊಸ ಗಾಲಿ. ಇಬ್ಬರು ಕೂಲಿಯವರು ಮುಂದಿನ ಕೋಣೆಯಲ್ಲಿ ಇಳಿಸಿ ಹೋದರು. ತಲೆಯ ಕಡೆ ಎತ್ತಿ ನೋಡೋಣವೆಂದು ಅಜ್ಜ ಬಗ್ಗಿ ಹಿಡಿಕೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಬಸ್ಸಿನ ಕಿಟಕಿಯ ಹಿಡಿಕೆ. ಉಗುರಿನಿಂದ ಕೆರೆದ. ಬೂದು ಬಣ್ಣದ ಕೆಳಗೆ ಕೆಂಪು. ಅವನು ಹಿಡಿಕೆ ತಿರುಗಿಸಿದ, ತಲೆಯ ಕಡೆ ಸದ್ದಿಲ್ಲದೆ ಎದ್ದಿತು. ಎಲ್ಲರೂ ಸೇರಿ ಅಜ್ಜಿಯನ್ನು ಹೊತ್ತು ತಂದು ಮಲಗಿಸಿದರು.

ಅಜ್ಜಿ ಎರಡು ಕಡೆಯ ಸರಳುಗಳನ್ನು ಸವರಿ ನೋಡಿ, "ರೀ, ಇದು ನಿಮ್ಮಮ್ಮನ ಮಂಚ" ಎಂದಳು.

"ಹೂಂ."

"ಗೊತ್ತಿದ್ದೂ ಸುಮ್ಮನಿದೀರಾ?"

"ನೀನು ಮೊದಲು ಸರಿಯಾಗಿ ಒರಗ್ಕೋ."

ಚೂಟಿ ಕೂಗಾಡಿದಳು. "ನಮ್ಮ ಮಂಚಕ್ಕೆ ನಾವೇ ಬಾಡಿಗೆ ಕೊಡೋದಾ? ಹೇಳಿ ಅಜ್ಜ ಅವರಿಗೆ, ಇದು ನಮ್ಮದು ಅಂತ!"

"ಅವನು ದುಡ್ಡು ಕೊಟ್ಟು ತಂದಿದಾನೆ ಮರಿ."

"ನೀವು ಕೈ ಸುಟ್ಕೊಂಡು ಮಾಡಿದ್ದು ಮಾವ" ಎಂದಳು ಸೊಸೆ.

"ನಾನು ಕೊಟ್ಟುಬಿಟ್ಟಿದ್ದೆ."

"ಕೊಟ್ಟುಬಿಟ್ಟಿದ್ದು ಬೇರೆ, ಬಳಸಿ ಕೊಡಿ ಅಂತ ಕೊಟ್ಟಿದ್ದು ಬೇರೆ."

"ಬಳಸಿ ಕೊಡಿ ಅಂತ ನಾನು ಹೇಳಿರಲಿಲ್ಲ" ಎಂದ ಅಜ್ಜ. "ಹೇಳಬೇಕಾಗಿರಲಿಲ್ಲ ಆಗ."

ವಾರಗಟ್ಟಲೆ ಬಾಗಿಲು ತಟ್ಟಿ ಬಂದಿದ್ದ ಮಗನಿಗೆ ಆಗ ತಡೆಯಲಾಗಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ! ಅಮ್ಮನ ಬೆನ್ನು ನೋಡಿದೀರಾ? ಒಂದು ಮಾತು, ಒಂದೇ ಒಂದು ಮಾತು ಕೇಳಿಡೋಕೆ ನಾಲಿಗೆ ಬರಲಿಲ್ಲ ನಿಮಗೆ. ನಾಚಿಕೆ ನಿಮಗೆ, ದಂಡ ನಮಗೆ."

ಮಗ ಅಪ್ಪನಿಗೆ ಹಾಗೆ ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಅಜ್ಜ ಎದ್ದು ಹೋಗಿ ಇಟ್ಟಿಗೆಗಳನ್ನು ಹಿತ್ತಲಲ್ಲಿ ಇಟ್ಟು ಬಂದ. ಅಜ್ಜಿ ಒರಗಿ ಕೂತು, ಬಿದ್ದ ಮೇಲೆ ಮೊದಲ ಸಲ ಗಂಜಿಯನ್ನು ತಾನೇ ಚಮಚ ಹಿಡಿದು ಕುಡಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಎಲ್ಲರೂ ಅದನ್ನೇ ನೋಡುತ್ತ ಕೂತರು.

ಸೊಸೆ ಮಾತ್ರ ಮರುದಿನ ಬಾಡಿಗೆ ಅಂಗಡಿಗೆ ಹೋದಳು. ಒಳಗೆ ಸಾಲಾಗಿ ಮಂಚ, ಗಾಲಿಕುರ್ಚಿ, ವಾಕರ್. ಒಂದೊಂದಕ್ಕೂ ಚೀಟಿ ಕಟ್ಟಿತ್ತು.

"ಅಕ್ಕಾ, ನಾನು ಕದ್ದಿಲ್ಲ" ಎಂದ ಅಂಗಡಿಯವನು. "ಫೋನಲ್ಲಿ ನೋಡಿದೆ, ದುಡ್ಡು ಕೊಟ್ಟೆ, ತಂದೆ. ಪೇಂಟು, ಗಾಲಿ ಎಲ್ಲಾ ನನ್ನ ಖರ್ಚು. ನಿಮ್ಮದು ಅನ್ನೋಕೆ ಏನಿದೆ ಗುರುತು?"

"ಹಿಡಿಕೆ ಇದೆ. ಬಸ್ಸಿಂದು. ನಮ್ಮ ಮಾವ ಹಾಕಿದ್ದು."

"ಬಸ್ಸಿಂದಾದ್ರೆ ಬಸ್ಸಿನವರದ್ದಾಯ್ತು, ನಿಮ್ಮದು ಹೆಂಗಾಗುತ್ತೆ?"

ಅವಳಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ತಡೆದುಕೊಂಡಳು. "ಇಡೀ ಬೀದಿಗೆ ಗೊತ್ತು ಅದು ಯಾರ ಮಂಚ ಅಂತ. ಅವರ ಹೆಂಡತಿ ಹತ್ರಾನೇ ಬಾಡಿಗೆ ತಗೊಂಡ್ರಂತೆ ಅಂತ ನಾಳೆ ನಾಲ್ಕು ಜನ ಮಾತಾಡ್ಕೊಂಡ್ರೆ ನಿಮ್ಮ ವ್ಯಾಪಾರಕ್ಕೆ ಒಳ್ಳೇದಾ, ನೀವೇ ಹೇಳಿ."

ಅವನು ತಲೆ ಕೆರೆದುಕೊಂಡ. "ನಾಲ್ಕನೇ ತಿಂಗಳು ಬೇಕಾದ್ರೆ ಅದಕ್ಕೆ ಬಾಡಿಗೆ ಬೇಡ. ಅಷ್ಟು ಮಾಡಬಲ್ಲೆ." ಸ್ವಲ್ಪ ತಡೆದು ಹೇಳಿದ, "ನಮ್ಮಮ್ಮಂಗೆ ನಿಮ್ಮನೆಯಿಂದಲೇ ವಾಕರ್ ತಂದಿದ್ವಿ ಅಕ್ಕಾ. ಅದನ್ನ ನೋಡೇ ಈ ವ್ಯಾಪಾರ ಹೊಳೆದಿದ್ದು."

"ವಾಪಸ್ ಕೊಟ್ರಾ?"

"ಕೊಟ್ವಿ. ಸೋಪಿಟ್ಟು."

ಒಂದು ತಿಂಗಳ ಬಾಡಿಗೆ ಉಳಿಸಿಕೊಂಡು ಅವಳು ಮನೆಗೆ ಬಂದಳು. ಯಾರಿಗೂ ವಿಶೇಷವಾಗಿ ಹೇಳಲಿಲ್ಲ.

ಅತ್ತೆಯನ್ನು ನೋಡಿಕೊಳ್ಳುತ್ತ ಅಡುಗೆಮನೆಯಲ್ಲಿ ಹೊಲಿಯಲಾಗದು ಎಂದು ಹೊಲಿಗೆ ಮೆಷಿನ್ ಮುಂದಿನ ಕೋಣೆಗೆ ಬಂತು. ಊರುಗೋಲೂ ಕಮೋಡ್ ಕುರ್ಚಿಯೂ ಹಿತ್ತಲಿಗೆ ಹೋದವು. ಗಿರಾಕಿಗಳು ಮುಂಬಾಗಿಲಿಂದ ಬರತೊಡಗಿದರು, ಮತ್ತೆ ಹೆಚ್ಚು ಬರತೊಡಗಿದರು. ಅಜ್ಜಿ ಒರಗಿ ಕೂತು ಗುಂಡಿ ಹಚ್ಚುತ್ತಿದ್ದಳು, ಬಂದವರಿಗೆ ಸೊಂಟ ಮುರಿದ ಕಥೆ ಹೇಳುತ್ತಿದ್ದಳು. ಪ್ರತಿ ಸಲವೂ ಬಕೆಟ್ಟಿನಲ್ಲಿ ಬಟ್ಟೆ ಜಾಸ್ತಿಯಾಗುತ್ತಿತ್ತು. ಅಜ್ಜ ಆಲೂಗಡ್ಡೆ ಬೇಯಿಸುವುದನ್ನೂ ಮೊಟ್ಟೆ ಬೇಯಿಸುವುದನ್ನೂ ಕಲಿತ. ಉಪ್ಪು ಮಾತ್ರ ಕಲಿಯಲಿಲ್ಲ. ಅಪ್ಪ ಮಗ ಮಾತಾಡುತ್ತಿದ್ದರು, ಅಗತ್ಯವಿದ್ದಷ್ಟೇ. ಬೆನ್ನಿನ ಕೆಂಪು ಹುಣ್ಣಾಗಲಿಲ್ಲ. ಕಪ್ಪು ಕಲೆಯಾಗಿ ಉಳಿಯಿತು. ಕೆಮ್ಮು ನಿಂತಿತು.

ಚೂಟಿ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಅಜ್ಜಿಯ ಬೆಡ್‌ಪ್ಯಾನ್ ತೊಳೆದು, ಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಶನಿವಾರಗಳಲ್ಲಿ ಸೇವೆಯ ಗಂಟೆ ತುಂಬಿಸಲು ಪಾರ್ಕಿಗೆ ಹೋಗಿ ಕೊನೆಗೊಂದು ದಿನ ಚಿನ್ನದ ಅಂಚಿನ ಸರ್ಟಿಫಿಕೇಟ್ ತಂದಳು.

"ಏನು ಮಾಡಿದ್ರಿ?" ಎಂದ ಅಜ್ಜ.

"ಪಾರ್ಕ್ ಕ್ಲೀನ್ ಮಾಡಿದ್ವಿ. ಫೋಟೋಗೆ ಕಸ ಸಾಕಾಗಲ್ಲ ಅಂತ ಒಂದು ಚೀಲ ಕಸ ತಂದು ಸುರಿದ್ರು ಅಜ್ಜ. ಅದನ್ನ ಎತ್ತಿದ್ವಿ. ಆಮೇಲೆ ಜ್ಯೂಸ್ ಕೊಟ್ರು."

"ಕಸ ಎಲ್ಲಿಂದ ತಂದ್ರು?"

"ಗೊತ್ತಿಲ್ಲ. ಜ್ಯೂಸ್ ಚೆನ್ನಾಗಿತ್ತು."

ಸರ್ಟಿಫಿಕೇಟನ್ನು ಸೊಸೆ ನೂಲಿನ ಡಬ್ಬಿಗಳ ಹಿಂದೆ ಒರಗಿಸಿಟ್ಟಳು.

ಮೂರು ತಿಂಗಳು ತುಂಬುವಾಗ ಅಜ್ಜಿ ವಾಕರ್ ಹಿಡಿದು ಬಚ್ಚಲಮನೆಯ ಹೊಸ್ತಿಲವರೆಗೆ ಹೋದಳು. ಹೊಸ್ತಿಲನ್ನು ಸ್ವಲ್ಪ ಹೊತ್ತು ದಿಟ್ಟಿಸಿ ವಾಪಸ್ ಬಂದಳು. ಬಾಡಿಗೆಯಿಲ್ಲದ ನಾಲ್ಕನೇ ತಿಂಗಳಲ್ಲಿ ದಾಟಿದಳು. ಇನ್ನು ಮಂಚ ಬೇಡವೆಂದು ಡಾಕ್ಟರೂ ಹೇಳಿದರು.

ವಾಪಸ್ ಕಳಿಸುವ ದಿನ ಅಜ್ಜ ಮಂಚವನ್ನು ಅಂಗಳಕ್ಕೆ ಎಳೆದು ತೊಳೆದ. ಒಣಬಟ್ಟೆಯಲ್ಲಿ ಒರೆಸಿದ. ಗಾಲಿಗೆ ಎಣ್ಣೆ ಬಿಟ್ಟ. ಹಿಡಿಕೆ ತಿರುಗಿಸಿ ತಲೆಯ ಕಡೆ ಒಂದು ಸಲ ಎತ್ತಿ, ಒಂದು ಸಲ ಇಳಿಸಿ ನೋಡಿದ. ಅಂಗಡಿಯಿಂದ ತಂದ ಹೊಸ ಸೋಪನ್ನು ಮಧ್ಯದಲ್ಲಿಟ್ಟ. ಕೂಲಿಯವರು ಬಂದು ಮಂಚ ಎತ್ತಿದಾಗ ಸೋಪು ಜಾರಿ ಬಿತ್ತು. ಒಬ್ಬ ಅದನ್ನು ಎತ್ತಿ ಕೊಟ್ಟ.

"ಅಜ್ಜಾ, ಸೋಪು ಮರೆತಿದೀರಿ."

ಅಜ್ಜ ಕೈ ಚಾಚಿ ತೆಗೆದುಕೊಂಡ.

ಮುಂದಿನ ಕೋಣೆಯಲ್ಲಿ ಮಂಚವಿದ್ದ ಜಾಗಕ್ಕೆ ಬಟ್ಟೆ ಕತ್ತರಿಸುವ ಮೇಜು ಬಂತು. ಎರಡು ವಾಕರುಗಳಲ್ಲಿ ಒಂದು ಅಜ್ಜಿಯ ಕೈಯಲ್ಲಿ, ಇನ್ನೊಂದು ಬಾಗಿಲ ಹಿಂದೆ. "ಇದೊಂದನ್ನಾದ್ರೂ ಠೇವಣಿ ಇಟ್ಕೊಂಡು, ದಿನ ಕೇಳ್ಕೊಂಡು ಕೊಡಿ ಮಾವ" ಎಂದಿದ್ದಳು ಸೊಸೆ. ಅಜ್ಜ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲಿಗೆ ಒಬ್ಬಳು ಬಂದಳು. ಕಟ್ಟಡ ಕೆಲಸದವಳು, ತೋಳಿನ ತುಂಬ ಸಿಮೆಂಟು. ಅವಳ ಅಪ್ಪನಿಗೆ ಎದ್ದು ಓಡಾಡಲು ಆಗುತ್ತಿಲ್ಲ, ಇಲ್ಲಿ ವಾಕರ್ ಸಿಗುತ್ತದೆ ಎಂದು ಯಾರೋ ಹೇಳಿದರಂತೆ. ಅಜ್ಜ ಬಾಗಿಲ ಹಿಂದಿನ ವಾಕರ್ ತೆಗೆದ. ನಾಲ್ಕು ಕಾಲಿನ ರಬ್ಬರೂ ಗಟ್ಟಿಯಿದೆಯೇ ಎಂದು ಒತ್ತಿ ನೋಡಿದ. ಕೊಡಲು ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಹಿಡಿದು ಕೇಳಿದ:

"ಎಷ್ಟು ದಿನಕ್ಕಮ್ಮ?"

ಹೊಲಿಗೆ ಮೆಷಿನ್ ನಿಂತಿತು.

ಅವಳು ಅರ್ಥವಾಗದೆ ನೋಡಿದಳು. "ಕ್ಯಾನ್ಸರ್ ಅಜ್ಜ, ಅಪ್ಪಂಗೆ. ಎಷ್ಟು ದಿನ ಅಂತ ಡಾಕ್ಟ್ರೂ ಹೇಳಿಲ್ಲ."

ಅಜ್ಜ ವಾಕರನ್ನು ಅವಳ ಕೈಗೆ ದಾಟಿಸಿದ. ಸೊಸೆಯೇ ಮೆತ್ತಗೆ, "ಒಂದು ತಿಂಗಳು ಅಂತ ಇಟ್ಕೊಳ್ಳೋಣಮ್ಮ. ಬೇಕಾದ್ರೆ ಆಮೇಲೆ ಬಂದು ಹೇಳು" ಎಂದು ಠೇವಣಿ ಎಷ್ಟೆಂದು ತಿಳಿಸಿದಳು. ಬಂದವಳು ಸೊಂಟದ ಚೀಲ ಬಿಚ್ಚಿ ಠೇವಣಿ ಎಣಿಸಿ ಕೊಟ್ಟಳು. ವಾಕರ್ ಮಡಚಿ ತಲೆಯ ಮೇಲೆ ಇಟ್ಟುಕೊಂಡು ಹೋದಳು.

ತಿಂಗಳು ತುಂಬುವ ಮೊದಲೇ ವಾಕರ್ ವಾಪಸ್ ಬಂತು. ಅವಳು ಬರಲಿಲ್ಲ, ಅವಳ ಕಡೆಯವನೊಬ್ಬ ತಂದಿಟ್ಟ. ಏನಾಯಿತು ಎಂದು ಕೇಳಬೇಕಾಗಿರಲಿಲ್ಲ. ಸೊಸೆ ಠೇವಣಿ ತಂದುಕೊಟ್ಟಳು. ಅವನು ಎಣಿಸಿ, ಸರಿಯಾಗಿದೆ ಎಂದು ತಲೆಯಾಡಿಸಿ ಹೋದ. ವಾಕರ್ ತೊಳೆದಿರಲಿಲ್ಲ, ಕಾಲಿಗೆಲ್ಲ ಮಣ್ಣು ಮೆತ್ತಿತ್ತು.

"ಸೋಪು?" ಎಂದಳು ಅಜ್ಜಿ ಕುರ್ಚಿಯಿಂದ.

"ಇಲ್ಲ" ಎಂದ ಅಜ್ಜ.

ಮರೆತಿದೀರಿ ಎಂದು ಕೂಲಿಯವನು ವಾಪಸ್ ಕೊಟ್ಟಿದ್ದ ಸೋಪು ಗೂಡಿನಲ್ಲಿ ಹಾಗೇ ಇತ್ತು. ಅದರ ಪೊಟ್ಟಣ ಒಡೆದು ವಾಕರ್ ತೊಳೆದು ಬಾಗಿಲ ಹಿಂದೆ ನಿಲ್ಲಿಸಿದ.

ಅಜ್ಜಿಗೆ ಮತ್ತೆ ನಡೆಯಲು ಬಂತು. ಸೊಸೆಗೆ ಕೋಣೆ ಸಿಕ್ಕಿತು, ಅನ್ನದಲ್ಲಿ ದಾರ ಬರುವುದು ನಿಂತಿತು. ನಾಲ್ಕು ಮಂಚ ಹೋದವು. ಬಾಗಿಲ ಹಿಂದಿನ ವಾಕರ್ ಉಳಿಯಿತು, ದಿನ ಕೇಳಿ ಕೊಟ್ಟದ್ದರಿಂದ.